ಬೆಂಗಳೂರಿನಲ್ಲಿ ಕ್ವಿಯರ್ ಹೆಂಗಸರಿಗಾಗಿ ಡ್ಯಾನ್ಸ್ ಪಾರ್ಟಿ ಮಾಡುವುದು ಹೇಗೆ

ಕ್ವಿಯರ್ ಹೆಂಗಸರೆಂದರೆ ಇಲ್ಲಿ ಹೆಂಗಸರನ್ನು ಪ್ರೀತಿಸುವ ಹೆಂಗಸರು, ಟ್ರಾನ್ಸ್ ಹೆಂಗಸರು. ಅವರ ಪಾರ್ಟಿ ಡಿಜೆಯಿಂದ ಕೆಡುವುದು ಕಡಿಮೆ; ಕೆಡುವುದು ಹೊತ್ತಿನಿಂದ, ಇಲ್ಲವೇ ಬಾಗಿಲಿನಿಂದ. ಊರಿನ ಎಷ್ಟೋ ಲೇಡೀಸ್ ಪಿಜಿಗಳು ರಾತ್ರಿ ಹತ್ತಕ್ಕೆ ಗೇಟು ಹಾಕುತ್ತವೆ. ಮನೆಯಲ್ಲಿರುವವರಿಗೆ 'ಎಲ್ಲಿದ್ದೀಯಾ' ಎಂಬ ಫೋನು ಇನ್ನೂ ಮುಂಚೆ ಬರುತ್ತದೆ. ಹನ್ನೊಂದಕ್ಕೆ ರಂಗೇರುವ ಪಾರ್ಟಿ ಇಟ್ಟರೆ ಸ್ವಂತ ಫ್ಲ್ಯಾಟು, ಕ್ಯಾಬಿಗೆ ಕಾಸು ಇದ್ದವರಷ್ಟೇ ಬರುತ್ತಾರೆ. ಭಾನುವಾರ ಸಂಜೆ 4ರಿಂದ 8.30ರವರೆಗೆ ಇಡಿ. ಆ ಹೊತ್ತಲ್ಲಿ ಪಬ್ಬಿಗೂ ಗಿರಾಕಿ ಕಡಿಮೆ, ಹಾಗಾಗಿ ಚೌಕಾಸಿಗೆ ಜಾಗ ಇರುತ್ತದೆ. ಬಾರಿನಲ್ಲಿ ಇಂತಿಷ್ಟು ವ್ಯಾಪಾರವಾಗಲೇಬೇಕು, ಕಡಿಮೆ ಬಿದ್ದರೆ ನೀವು ತುಂಬಬೇಕು ಎಂಬ 'ಮಿನಿಮಮ್ ಗ್ಯಾರಂಟಿ'ಗೆ ಒಪ್ಪಬೇಡಿ. ಬಾರಿನ ದುಡ್ಡು ಅವರಿಗೆ, ಟಿಕೆಟ್ಟಿನದು ನಿಮಗೆ ಎಂದು ಬರೆಸಿಕೊಳ್ಳಿ. ಹಾಡು ಹಾಕುವ ಲೈಸೆನ್ಸ್ ಯಾರ ಹೊಣೆ ಎಂಬುದೂ ಅದೇ ಕಾಗದದಲ್ಲಿರಲಿ. ಟೆರೇಸ್ ಜಾಗ ಬೇಡ, ಪಕ್ಕದ ಕಟ್ಟಡದಿಂದ ಯಾರು ಬೇಕಾದರೂ ವಿಡಿಯೊ ತೆಗೆಯಬಹುದು.

80 ಜನರಿಗೆ ಲೆಕ್ಕ ಹಾಕೋಣ. ಟಿಕೆಟ್ 200, 400, 600 ರೂಪಾಯಿ. ಯಾವುದನ್ನು ಆರಿಸಿದರೂ ಕಾರಣ ಕೇಳಬೇಡಿ. ಎಲ್ಲರೂ 200 ಆರಿಸಿದರೆ 16,000 ಆಗುತ್ತದೆ. ಡಿಜೆ ಮತ್ತು ಬೌನ್ಸರ್‌ಗಳ ಸಂಬಳ ಅಷ್ಟರಲ್ಲಿ ಹುಟ್ಟದಿದ್ದರೆ ಖರ್ಚು ಇಳಿಸಿ. ಡಿಜೆಯನ್ನು ಪುಕ್ಕಟೆ ದುಡಿಸುವುದು ಉಳಿತಾಯವಲ್ಲ.

ಪಾರ್ಟಿಗೆ ಹೆಸರಿಡುವಾಗ ಬ್ಯಾಂಕ್ ಸ್ಟೇಟ್‌ಮೆಂಟ್ ನೆನಪಿರಲಿ. ಯುಪಿಐ ಪಾವತಿಯಲ್ಲಿ ದುಡ್ಡು ಪಡೆದವರ ಹೆಸರು ಕಾಣುತ್ತದೆ, ಅದನ್ನು ಅಪ್ಪನೋ ಗಂಡನೋ ನೋಡಬಹುದು. ಖಾತೆಯ ಹೆಸರಿನಲ್ಲೂ ಟಿಕೆಟ್ಟಿನ ಮೆಸೇಜಿನಲ್ಲೂ 'ಕ್ವಿಯರ್', 'ಪ್ರೈಡ್' ಬೇಡ. ನಗದೂ ನಡೆಯಲಿ. ಪೋಸ್ಟರಿನಲ್ಲಿ ಬಡಾವಣೆ ಮಾತ್ರ ಹಾಕಿ, ಪೂರ್ತಿ ವಿಳಾಸವನ್ನು ಅದೇ ದಿನ ಬೆಳಿಗ್ಗೆ ಟಿಕೆಟ್ ಕೊಂಡವರಿಗೆ ಕಳಿಸಿ. ವಾಟ್ಸ್ಯಾಪ್ ಗ್ರೂಪ್ ಮಾಡಿದರೆ ಎಲ್ಲರ ನಂಬರ್ ಎಲ್ಲರಿಗೂ ಸಿಗುತ್ತದೆ. ಬ್ರಾಡ್‌ಕಾಸ್ಟ್ ಲಿಸ್ಟ್ ವಾಸಿ, ಆದರೆ ನಿಮ್ಮ ನಂಬರನ್ನು ಸೇವ್ ಮಾಡಿಕೊಂಡವರಿಗಷ್ಟೇ ಅದು ತಲುಪುವುದು. ಟಿಕೆಟ್ ಕೊಡುವಾಗಲೇ ಇದನ್ನು ಹೇಳಿಬಿಡಿ.

ಇನ್ನು ಬಾಗಿಲು. 'ಲೇಡೀಸ್ ಓನ್ಲಿ' ಎಂದಷ್ಟೇ ಹೇಳಿ ನಿಲ್ಲಿಸಿದರೆ ಬೌನ್ಸರ್ ಕೂದಲು, ದನಿ, ಎದೆ ನೋಡಿ ತೀರ್ಮಾನ ಮಾಡುತ್ತಾರೆ. ಕ್ರಾಪು ಬಿಟ್ಟು ಶರ್ಟು ಹಾಕಿದ ಹುಡುಗಿಗೂ ಟ್ರಾನ್ಸ್ ಹೆಂಗಸಿಗೂ ಅಲ್ಲೇ ಅವಮಾನ. ಟ್ರಾನ್ಸ್ ಹೆಂಗಸರು ಬರಬಹುದು, ನಾನ್‌ಬೈನರಿ (ತಮ್ಮನ್ನು ಗಂಡು ಅಥವಾ ಹೆಣ್ಣು ಎಂದಷ್ಟೇ ಗುರುತಿಸಿಕೊಳ್ಳದ) ಜನ ಬರಬಹುದು ಎಂದು ಬಿಡಿಸಿ ಬರೆಯಿರಿ. ಟ್ರಾನ್ಸ್ ಗಂಡಸರು, ಬೈಸೆಕ್ಷುವಲ್ (ಗಂಡು, ಹೆಣ್ಣು ಇಬ್ಬರನ್ನೂ ಇಷ್ಟಪಡುವ) ಹೆಂಗಸಿನ ಗಂಡು ಸಂಗಾತಿ ಬರಬಹುದೇ ಎಂಬುದನ್ನೂ ಮೊದಲೇ ತೀರ್ಮಾನಿಸಿ. ಬಾಗಿಲಲ್ಲಿ ನಿಂತು ಚರ್ಚೆ ಮಾಡುವ ವಿಷಯವಲ್ಲ. ಬೌನ್ಸರ್‌ಗಳಿಗೆ ಅರ್ಧ ಗಂಟೆ ಮುಂಚೆ ಹೇಳಿಕೊಡಿ: ಐಡಿಯಲ್ಲಿ ಹುಟ್ಟಿದ ದಿನಾಂಕ ಮತ್ತು ಫೋಟೊ ಮಾತ್ರ ನೋಡಬೇಕು, ಹೆಸರನ್ನು ಜೋರಾಗಿ ಓದಬಾರದು. 'ಸರ್', 'ಮೇಡಂ' ಬೇಡ, 'ನಮಸ್ಕಾರ, ಐಡಿ ತೋರ್ಸಿ' ಸಾಕು. ಮೈ ತಡವುವ ಬದಲು ಬ್ಯಾಗ್ ನೋಡಲಿ. ಪಕ್ಕದಲ್ಲಿ ನಿಮ್ಮವರೊಬ್ಬರು ಕೊನೆಯವರೆಗೂ ಇರಬೇಕು.

ಅಲ್ಲೇ ಪ್ರತಿ ಫೋನಿನ ಹಿಂದಿನ ಮತ್ತು ಮುಂದಿನ ಕ್ಯಾಮೆರಾಕ್ಕೆ ಸ್ಟಿಕ್ಕರ್ ಅಂಟಿಸಿ. ಬೆವರಿಗೆ ಕಿತ್ತುಬರುತ್ತವೆ, 80 ಜನಕ್ಕೆ 200 ತನ್ನಿ. ಪಬ್ಬಿನವರು ತಮ್ಮ ಇನ್‌ಸ್ಟಾಗ್ರಾಂಗೆಂದು ಫೋಟೊ ತೆಗೆಯುವುದೇ ದೊಡ್ಡ ತಲೆನೋವು. ತೆಗೆಯಕೂಡದೆಂದು ಒಪ್ಪಂದದಲ್ಲೇ ಸೇರಿಸಿ. ಟಾಯ್ಲೆಟ್ಟಿನ ಬೋರ್ಡಿನ ಮೇಲೆ 'ಎಲ್ಲರಿಗೂ' ಎಂಬ ಚೀಟಿ ಹಚ್ಚಿ, ಚಿಲಕ ಬೀಳುತ್ತದೆಯೇ ನೋಡಿ, ಪ್ಯಾಡ್ ಇಡಿ.

ಮೊದಲ ಒಂದು ಗಂಟೆ ಯಾರೂ ಕುಣಿಯುವುದಿಲ್ಲ. ಗಾಬರಿಯಾಗಿ ವಾಲ್ಯೂಮ್ ಏರಿಸಬೇಡಿ. ಒಂಟಿಯಾಗಿ ಬಂದವರು ಪಕ್ಕದವರ ಜೊತೆ ಮಾತಾಡುವ ಹೊತ್ತದು. ಮೇಜುಗಳನ್ನು ಒಳಕ್ಕೆಳೆದು ಫ್ಲೋರ್ ಚಿಕ್ಕದು ಮಾಡಿ, ಲೈಟ್ ಇಳಿಸಿ. ಐದಕ್ಕೆ ಇಪ್ಪತ್ತು ನಿಮಿಷ ಯಾರಾದರೂ ಸುಲಭದ ಸ್ಟೆಪ್ ಹೇಳಿಕೊಡಲಿ. ಬರೀ ಟೆಕ್ನೊ ಹಾಕಿದರೆ ಅರ್ಧ ಜನ ಗೋಡೆಗೆ ಒರಗುತ್ತಾರೆ, ಒಂದು ಟಪಾಂಗುಚ್ಚಿ ಬಿದ್ದರೆ ಗೋಡೆ ಖಾಲಿ. ಹದಿನೈದು ನಿಮಿಷದ ಸರಾಸರಿ 100 ಡೆಸಿಬಲ್ ದಾಟಬಾರದೆಂಬುದು ವಿಶ್ವ ಆರೋಗ್ಯ ಸಂಸ್ಥೆಯ ಮಾನದಂಡ. ಫೋನಿನ ಆ್ಯಪ್‌ನಲ್ಲಿ ಸುಮಾರಾಗಿ ಅಳೆಯಬಹುದು. ಸ್ಪೀಕರಿನಿಂದ ದೂರ ಹದಿನೈದು ಕುರ್ಚಿ ಹಾಕಿ. ಕುಡಿಯದವರಿಗೆ ನಿಂಬೆ ಸೋಡಾ ಬಿಯರಿಗಿಂತ ಅಗ್ಗವಾಗಿರಲಿ, ನೀರು ಪುಕ್ಕಟೆ.

ದೂರು ಕೇಳಲು ಇಬ್ಬರನ್ನು ನೇಮಿಸಿ, ತೋಳಿಗೆ ಹೊಳೆಯುವ ಪಟ್ಟಿ ಕಟ್ಟಿ. ಅವರು ಕುಡಿಯಬಾರದು. ಇಬ್ಬರೇಕೆಂದರೆ ಇದು ಪುಟ್ಟ ಬಳಗ, ಆರೋಪ ಬಂದವಳು ಒಬ್ಬರ ಮಾಜಿ ಗೆಳತಿಯೇ ಆಗಿರಬಹುದು. ಅಲ್ಲೇ ಪಂಚಾಯ್ತಿ ಬೇಡ: ದೂರಿದವರನ್ನು ಕೂರಿಸಿ, ಆರೋಪಿತರನ್ನು ಹೊರಗೆ ಕಳಿಸಿ, ಸಮಯ ಸಮೇತ ಬರೆದಿಟ್ಟುಕೊಳ್ಳಿ. 8.30ಕ್ಕೆ ಲೈಟ್ ಹಾಕಿದರೆ ಮೆಟ್ರೋವೂ ಸಿಗುತ್ತದೆ, ಶಕ್ತಿ ಯೋಜನೆಯ ಫ್ರೀ ಬಸ್ಸೂ ಸಿಗುತ್ತದೆ. ನಿಲ್ದಾಣದವರೆಗೆ ಗುಂಪಾಗಿ ಕಳಿಸಿ. ಕೊನೆಯವರು ಹೊರಡುವವರೆಗೆ ಬೌನ್ಸರ್‌ಗಳ ಡ್ಯೂಟಿ ಮುಗಿಯುವುದಿಲ್ಲ ಎಂದು ಕೂಲಿ ಮಾತಾಡುವಾಗಲೇ ತಿಳಿಸಿ.