ಮರೆತ ಪಾಸ್‌ವರ್ಡ್: ಗೂಗಲ್ ಖಾತೆಯನ್ನು ವಾಪಸ್ ಪಡೆಯಲು ನಾನು ಅನುಸರಿಸುವ ಕ್ರಮ

ಪಾಸ್‌ವರ್ಡ್ ಮರೆತಿದೆ ಎಂದ ಕೂಡಲೇ ‘ಫರ್ಗಾಟ್ ಪಾಸ್‌ವರ್ಡ್’ ಒತ್ತುವುದು ಎಲ್ಲರ ರೂಢಿ. ನಾನು ಅದನ್ನು ಕೊನೆಗೆ ಇಟ್ಟುಕೊಳ್ಳುತ್ತೇನೆ. ಅದಕ್ಕೂ ಮೊದಲು ನೋಡಬೇಕಾದ ಎರಡು ಮೂರು ಜಾಗಗಳಿವೆ, ಎಷ್ಟೋ ಸಲ ಕೆಲಸ ಅಲ್ಲೇ ಮುಗಿಯುತ್ತದೆ.

ಮೊದಲ ಪ್ರಶ್ನೆ, ಪಾಸ್‌ವರ್ಡ್ ನಿಜವಾಗಿಯೂ ಮರೆತಿದೆಯೇ ಅಥವಾ ಟೈಪಿಂಗ್‌ನಲ್ಲಿ ಎಡವಟ್ಟಾಗುತ್ತಿದೆಯೇ? ಕಣ್ಣಿನ ಚಿಹ್ನೆ ಒತ್ತಿ ಅಕ್ಷರಗಳನ್ನು ನೋಡಿಕೊಂಡೇ ಟೈಪ್ ಮಾಡಬೇಕು. ಕ್ಯಾಪ್ಸ್ ಲಾಕ್ ಇರಬಹುದು, ಫೋನ್ ಮೊದಲ ಅಕ್ಷರವನ್ನು ತಾನೇ ದೊಡ್ಡದು ಮಾಡಿರಬಹುದು, ಕಾಪಿ ಮಾಡಿ ಅಂಟಿಸಿದಾಗ ಕೊನೆಯಲ್ಲಿ ಒಂದು ಸ್ಪೇಸ್ ಸೇರಿಕೊಂಡಿರಬಹುದು. ಕೀಬೋರ್ಡ್ ಕನ್ನಡದಲ್ಲಿದ್ದರೆ 1, 2, 3ರ ಬದಲು ೧, ೨, ೩ ಬೀಳುವುದೂ ಉಂಟು. ಕಣ್ಣಿಗೆ ಅಂಕಿಯೇ, ಸರ್ವರ್‌ಗೆ ಅದು ಬೇರೆ ಅಕ್ಷರ. ಹಾಗೆಯೇ ಯಾವ ಖಾತೆ ಎಂಬುದನ್ನೂ ಖಚಿತ ಮಾಡಿಕೊಳ್ಳಬೇಕು. ಫೋನ್ ಬದಲಾಯಿಸಿದಾಗಲೆಲ್ಲ ಹೊಸ ಜಿಮೇಲ್ ತೆರೆದವರು ಒಂದರ ಪಾಸ್‌ವರ್ಡನ್ನು ಇನ್ನೊಂದಕ್ಕೆ ಹಾಕುತ್ತಾ ಕೂತಿರುತ್ತಾರೆ.

ಎರಡನೆಯದು, ಬ್ರೌಸರ್ ಉಳಿಸಿಕೊಂಡಿರುವ ಪಾಸ್‌ವರ್ಡ್‌ಗಳು. ಕ್ರೋಮ್‌ನಲ್ಲಿ ಮೂರು ಚುಕ್ಕೆಯ ಮೆನುವಿನಿಂದ ಪಾಸ್‌ವರ್ಡ್ ಮ್ಯಾನೇಜರ್‌ಗೆ ಹೋಗಬಹುದು, ಫೈರ್‌ಫಾಕ್ಸ್ ಮೆನುವಿನಲ್ಲೂ ಪಾಸ್‌ವರ್ಡ್‌ಗಳ ಪಟ್ಟಿ ಇದೆ. ಐಫೋನ್‌ನಲ್ಲಿ ಐಓಎಸ್ 18ರಿಂದ ‘ಪಾಸ್‌ವರ್ಡ್ಸ್’ ಎಂಬ ಬೇರೆ ಆ್ಯಪ್ಪೇ ಬಂದಿದೆ, ಅದಕ್ಕೂ ಹಿಂದಿನವುಗಳಲ್ಲಿ ಅದು ಸೆಟ್ಟಿಂಗ್ಸ್ ಒಳಗಿತ್ತು. ನೋಡಲು ಸಾಮಾನ್ಯವಾಗಿ ಆ ಸಾಧನದ ಪಿನ್ ಅಥವಾ ಬೆರಳಚ್ಚು ಸಾಕು. ಹಳೆಯ ಲ್ಯಾಪ್‌ಟಾಪ್ ಇದ್ದರೆ ಅದನ್ನೂ ತೆರೆದು ನೋಡುತ್ತೇನೆ. ಅಲ್ಲಿ ಸಿಕ್ಕ ಪಾಸ್‌ವರ್ಡ್ ಈಗ ನಡೆಯದಿದ್ದರೂ ಎಸೆಯಬಾರದು. ಮುಂದೆ ರಿಕವರಿಯಲ್ಲಿ, ಅಂದರೆ ಖಾತೆ ನಿಮ್ಮದೇ ಎಂದು ಗೂಗಲ್‌ಗೆ ತೋರಿಸಿ ವಾಪಸ್ ಪಡೆಯುವಾಗ, ‘ನೆನಪಿರುವ ಕೊನೆಯ ಪಾಸ್‌ವರ್ಡ್’ ಕೇಳಿದಾಗ ಅದೇ ಉಪಯೋಗಕ್ಕೆ ಬರುತ್ತದೆ.

ಮೂರನೆಯದು ಎಲ್ಲಕ್ಕಿಂತ ಮುಖ್ಯ: ಆ ಖಾತೆ ಇನ್ನೂ ತೆರೆದೇ ಇರುವ ಸಾಧನ ಯಾವುದಾದರೂ ಇದೆಯೇ? ಆಂಡ್ರಾಯ್ಡ್ ಫೋನ್‌ನಲ್ಲಿ ಜಿಮೇಲ್ ಬರುತ್ತಿದೆ, ಕಂಪ್ಯೂಟರ್‌ನಲ್ಲಿ ಮಾತ್ರ ಪಾಸ್‌ವರ್ಡ್ ಕೇಳುತ್ತಿದೆ ಎಂದಾದರೆ ಬೀಗದ ಕೈ ಜೇಬಿನಲ್ಲೇ ಇದ್ದ ಹಾಗೆ. ಫೋನ್‌ನ ಸೆಟ್ಟಿಂಗ್ಸ್‌ನಲ್ಲಿ ಗೂಗಲ್, ಅಲ್ಲಿಂದ ಗೂಗಲ್ ಖಾತೆಯ ನಿರ್ವಹಣೆ, ಸೆಕ್ಯುರಿಟಿ, ಪಾಸ್‌ವರ್ಡ್ ಎಂದು ಹೋಗಿ, ಹಳೆಯದನ್ನು ಕೇಳಿದಾಗ ‘ಮರೆತಿದ್ದೇನೆ’ ಎಂದು ಒತ್ತಿದರೆ ಸಾಮಾನ್ಯವಾಗಿ ಫೋನ್‌ನ ಸ್ಕ್ರೀನ್ ಲಾಕ್ ಕೇಳಿ ಹೊಸ ಪಾಸ್‌ವರ್ಡ್ ಇಡಲು ಬಿಡುತ್ತದೆ. ಇಂಥ ಹೊತ್ತಿನಲ್ಲಿ ಮಾಡಲೇಬಾರದ ಕೆಲಸ ಎರಡು: ಆ ಫೋನ್‌ನಿಂದ ಲಾಗ್‌ಔಟ್ ಆಗುವುದು ಮತ್ತು ‘ಒಮ್ಮೆ ರೀಸೆಟ್ ಮಾಡಿ ನೋಡೋಣ’ ಎಂದು ಫ್ಯಾಕ್ಟರಿ ರೀಸೆಟ್ ಮಾಡುವುದು, ಅಂದರೆ ಫೋನ್‌ನಲ್ಲಿರುವುದನ್ನೆಲ್ಲ ಅಳಿಸಿ ಹೊಸದರಂತೆ ಮಾಡುವುದು. ರೀಸೆಟ್ ಆದ ಫೋನ್ ಶುರುವಾಗುವಾಗ ಹಿಂದಿನ ಸ್ಕ್ರೀನ್ ಲಾಕ್ ಅಥವಾ ಅದೇ ಗೂಗಲ್ ಖಾತೆಯ ಪಾಸ್‌ವರ್ಡ್ ಕೇಳಬಹುದು. ಆಗ ಖಾತೆಯೂ ಇಲ್ಲ, ಫೋನೂ ಇಲ್ಲ. ಪಾಸ್‌ವರ್ಡ್ ಬದಲಾಯಿಸಿದ ಮೇಲೂ 24 ಗಂಟೆ ಕಾದು ರೀಸೆಟ್ ಮಾಡಿ ಎನ್ನುವುದು ಗೂಗಲ್‌ನದೇ ಸೂಚನೆ.

ಇದ್ಯಾವುದೂ ಇಲ್ಲದಿದ್ದರೆ ಮಾತ್ರ ‘ಫರ್ಗಾಟ್ ಪಾಸ್‌ವರ್ಡ್’ ಒತ್ತಿದಾಗ ತೆರೆಯುವ ರಿಕವರಿ ಪುಟ. ಅಲ್ಲಿ ಗೂಗಲ್ ನಮ್ಮ ಉತ್ತರಗಳನ್ನಷ್ಟೇ ಅಲ್ಲ, ಅವು ಎಲ್ಲಿಂದ ಬರುತ್ತಿವೆ ಎಂಬುದನ್ನೂ ತೂಗುತ್ತದೆ. ಆದ್ದರಿಂದ ಯಾವಾಗಲೂ ಬಳಸುತ್ತಿದ್ದ ಸಾಧನ, ಅದೇ ಬ್ರೌಸರ್, ಮನೆಯ ಅಥವಾ ಆಫೀಸಿನ ಅದೇ ವೈಫೈ ಬೇಕು. ನಾವಿರುವ ಜಾಗವನ್ನು ಮರೆಮಾಚುವ ವಿಪಿಎನ್ ಆಫ್ ಇರಬೇಕು, ಗುರುತು ಉಳಿಸಿಕೊಳ್ಳದ ಇನ್‌ಕಾಗ್ನಿಟೋ ಕಿಟಕಿ ಬೇಡ. ಪ್ರವಾಸದಲ್ಲಿದ್ದರೆ ಊರಿಗೆ ಬರುವ ತನಕ ಕಾಯುವುದೇ ಲೇಸು. ಸ್ನೇಹಿತರ ಫೋನ್‌ನಲ್ಲಿ ‘ಖಾತೆ ನಿಮ್ಮದೇ ಎಂದು ದೃಢಪಡಿಸಲಾಗಲಿಲ್ಲ’ ಎಂದು ಬಂದದ್ದು ಮನೆಯ ಹಳೇ ಕಂಪ್ಯೂಟರ್‌ನಲ್ಲಿ ಅದೇ ಉತ್ತರಗಳಿಗೆ ದಾಟಿಹೋಗಬಹುದು.

ಪ್ರಶ್ನೆಗಳನ್ನು ಬಿಟ್ಟುಬಿಡುವುದಕ್ಕಿಂತ ಊಹಿಸಿ ಬರೆಯುವುದು ಒಳ್ಳೆಯದು. ಒಂದು ತಪ್ಪು ಊಹೆಗೆ ಹೊರಗೆ ಹಾಕುವುದಿಲ್ಲ. ಆದರೆ ಇಡೀ ಪ್ರಕ್ರಿಯೆಯನ್ನೇ ಹತ್ತು ನಿಮಿಷಕ್ಕೊಮ್ಮೆ ಮೊದಲಿನಿಂದ ಶುರು ಮಾಡುತ್ತಿದ್ದರೆ ‘ತುಂಬಾ ಸಲ ಪ್ರಯತ್ನಿಸಿದ್ದೀರಿ’ ಎಂದು ಬಾಗಿಲು ಹಾಕಿಕೊಳ್ಳುತ್ತದೆ. ಆಗ ಮತ್ತೆ ಮತ್ತೆ ಒತ್ತದೆ ಮರುದಿನ ಬರಬೇಕು.

ಕೆಲವೊಮ್ಮೆ ಎಲ್ಲ ಸರಿಯಾಗಿ ಕೊಟ್ಟ ಮೇಲೂ ಕೆಲವು ಗಂಟೆ ಅಥವಾ ಕೆಲವು ದಿನ ಕಾಯಿರಿ ಎನ್ನುತ್ತದೆ. ಕಿರಿಕಿರಿಯಾದರೂ ಇದಕ್ಕೆ ಕಾರಣವಿದೆ. ಆ ಅವಧಿಯಲ್ಲಿ ಖಾತೆ ತೆರೆದಿರುವ ಸಾಧನಗಳಿಗೂ ರಿಕವರಿಗೆಂದು ಕೊಟ್ಟಿಟ್ಟ ಇನ್ನೊಂದು ಇಮೇಲ್ ವಿಳಾಸಕ್ಕೂ ಎಚ್ಚರಿಕೆ ಹೋಗುತ್ತದೆ, ಕೇಳುತ್ತಿರುವವರು ಕಳ್ಳರಾಗಿದ್ದರೆ ನಿಜವಾದ ಮಾಲೀಕರು ತಡೆಯಲಿ ಎಂದು. ಮನೆಯಲ್ಲಿ ಹಳೆಯ ಟ್ಯಾಬ್ ಬಳಸುವವರು ಆ ಸೂಚನೆ ಕಂಡು ಗಾಬರಿಯಿಂದ ‘ನಾನಲ್ಲ’ ಎಂದು ಒತ್ತಿಬಿಟ್ಟರೆ ಪ್ರಯತ್ನ ಅಲ್ಲಿಗೇ ನಿಲ್ಲುತ್ತದೆ. ಅವರಿಗೆ ಮೊದಲೇ ಹೇಳಿಟ್ಟಿರಬೇಕು.

ಕೋಡ್ ಬರದಿದ್ದಾಗ: ಎಸ್‌ಎಂಎಸ್‌ಗೆ ಫೋನ್‌ನ ಸ್ಪ್ಯಾಮ್ ಫೋಲ್ಡರ್ ಮತ್ತು ಬ್ಲಾಕ್ ಪಟ್ಟಿ ನೋಡಿ, ಇಮೇಲ್‌ಗೆ ಅಲ್ಲಿನ ಸ್ಪ್ಯಾಮ್ ನೋಡಿ. ‘ಮತ್ತೆ ಕಳಿಸು’ ಎಂದು ಒತ್ತಿದ್ದರೆ ಕೊನೆಯದಾಗಿ ಬಂದ ಕೋಡನ್ನೇ ಹಾಕಿ. ಸಿಮ್ ಹೊಸದಾದರೂ ಪರವಾಗಿಲ್ಲ, ನಂಬರ್ ಅದೇ ಇದ್ದರೆ ಸಾಕು. ಲಾಗಿನ್ ಕೋಡನ್ನು ಫೋನ್‌ನಲ್ಲೇ ತಯಾರಿಸುವ ಆಥೆಂಟಿಕೇಟರ್ ಆ್ಯಪ್‌ನ ಆರಂಕಿಯ ಕೋಡ್ ತಪ್ಪು ಎಂದು ಬರುತ್ತಿದ್ದರೆ ಫೋನ್‌ನ ಗಡಿಯಾರ ನೋಡಿ. ಆ ಕೋಡ್ ಸಮಯದ ಲೆಕ್ಕದಿಂದಲೇ ಹುಟ್ಟುವುದು, 30 ಸೆಕೆಂಡಿಗೊಮ್ಮೆ ಬದಲಾಗುತ್ತದೆ. ಗಡಿಯಾರ ಎರಡು ಮೂರು ನಿಮಿಷ ಹಿಂದೆ ಮುಂದೆ ಇದ್ದರೆ ಎಷ್ಟು ಸಲ ಹಾಕಿದರೂ ಹೊಂದುವುದಿಲ್ಲ. ದಿನಾಂಕ ಮತ್ತು ಸಮಯವನ್ನು ‘ಸ್ವಯಂಚಾಲಿತ’ ಎಂದು ಇಟ್ಟರೆ ಸರಿಹೋಗುತ್ತದೆ. ಫೋನ್ ಕೈಯಲ್ಲಿಲ್ಲದಾಗ ಬಳಸಲೆಂದು ಮೊದಲೇ ಪಡೆದಿಡುವ ಗೂಗಲ್‌ನ ಬ್ಯಾಕಪ್ ಕೋಡ್‌ಗಳು ಒಂದು ಕಟ್ಟಿಗೆ 10, ಒಂದೊಂದರಲ್ಲಿ 8 ಅಂಕಿ, ಒಂದೊಂದೂ ಒಂದೇ ಸಲ ನಡೆಯುತ್ತದೆ. ಇವನ್ನು ಡೌನ್‌ಲೋಡ್ ಮಾಡಿ ಮರೆತವರೇ ಹೆಚ್ಚು, ಆದ್ದರಿಂದ ಡೌನ್‌ಲೋಡ್ಸ್ ಫೋಲ್ಡರ್ ಹುಡುಕಿ ನೋಡುವುದು ವ್ಯರ್ಥವಲ್ಲ. ಹೊಸ ಕಟ್ಟು ಮಾಡಿಸಿಕೊಂಡಿದ್ದರೆ ಹಳೆಯದು ನಡೆಯದು.

ಬೇರೆ ಕಂಪನಿಗಳಲ್ಲಿ ದಾರಿ ಬೇರೆ. ಮೈಕ್ರೋಸಾಫ್ಟ್‌ನದು ಒಂದು ಫಾರಂ. ಇತ್ತೀಚೆಗೆ ಕಳಿಸಿದ ಮೇಲ್‌ಗಳ ವಿಷಯ ಸಾಲು, ಹಳೆಯ ಪಾಸ್‌ವರ್ಡ್‌ಗಳು ಇತ್ಯಾದಿ ಕೇಳುತ್ತದೆ. ಎರಡು ಹಂತದ ಪರಿಶೀಲನೆ (ಪಾಸ್‌ವರ್ಡ್ ಜೊತೆ ಕೋಡನ್ನೂ ಕೇಳುವ ವ್ಯವಸ್ಥೆ) ಆನ್ ಇದ್ದರೆ ಆ ಫಾರಂ ನಡೆಯುವುದೇ ಇಲ್ಲ. ಅಲ್ಲಿ ಭದ್ರತಾ ಮಾಹಿತಿಯನ್ನೆಲ್ಲ (ಕೋಡ್ ಬರುವ ಫೋನ್, ಇಮೇಲ್ ಇತ್ಯಾದಿ) ಒಟ್ಟಿಗೆ ಬದಲಾಯಿಸಿದರೆ 30 ದಿನ ಕಾಯಬೇಕು. ಆಪಲ್‌ನ ಅಕೌಂಟ್ ರಿಕವರಿಯಲ್ಲಿ ಕಾಯುವ ಅವಧಿ ಮುಗಿಯುವ ತನಕ ಆ ಖಾತೆಯ ಬೇರೆ ಸಾಧನಗಳನ್ನು ಸಾಧ್ಯವಾದರೆ ಆಫ್ ಮಾಡಿಡಬೇಕು. ಖಾತೆ ಬಳಕೆಯಲ್ಲಿದೆ ಎಂದು ಕಂಡರೆ ಕೋರಿಕೆ ತಾನಾಗಿ ರದ್ದಾಗುತ್ತದೆ. ಗೂಗಲ್‌ನಲ್ಲಿ ತೆರೆದಿರುವ ಸಾಧನ ವರ, ಇಲ್ಲಿ ಅದೇ ಅಡ್ಡಿ.

ಉಳಿದ ಸಾಮಾನ್ಯ ಜಾಲತಾಣಗಳೆಲ್ಲ ಇಮೇಲ್‌ಗೆ ಲಿಂಕ್ ಕಳಿಸುತ್ತವೆ, ಹಾಗಾಗಿ ಇಮೇಲ್ ಸರಿಮಾಡಿಕೊಳ್ಳದೆ ಅವುಗಳ ತಂಟೆಗೆ ಹೋಗಬಾರದು. ‘ಈ ವಿಳಾಸದಲ್ಲಿ ಖಾತೆ ಇದ್ದರೆ ಲಿಂಕ್ ಕಳಿಸಿದ್ದೇವೆ’ ಎಂಬ ಸಾಲನ್ನು ಗಮನಿಸಿ ಓದಬೇಕು. ಯಾರಿಗೆ ಖಾತೆ ಇದೆ ಎಂಬುದು ಹೊರಗಿನವರಿಗೆ ತಿಳಿಯಬಾರದೆಂದು ಹಾಗೆ ಬರೆಯುತ್ತಾರೆ. ಮೇಲ್ ಬರದಿದ್ದರೆ ಬೇರೆ ವಿಳಾಸದಲ್ಲಿ ಸೇರಿರಬಹುದು, ಅಥವಾ ‘ಗೂಗಲ್ ಮೂಲಕ ಲಾಗಿನ್’ ಒತ್ತಿ ಸೇರಿರಬಹುದು. ಹಾಗೆ ಸೇರಿದ್ದರೆ ಅಲ್ಲಿ ಪಾಸ್‌ವರ್ಡೇ ಇರುವುದಿಲ್ಲ. ಹೊಸ ಪಾಸ್‌ವರ್ಡ್ ಇಡಲು ಲಿಂಕ್ ಕೊಡುವ ಬದಲು ನಿಮ್ಮ ಹಳೆಯ ಪಾಸ್‌ವರ್ಡನ್ನೇ ಮೇಲ್‌ನಲ್ಲಿ ಬರೆದು ಕಳಿಸಿದರೆ, ಆ ತಾಣ ಅದನ್ನು ಮತ್ತೆ ಓದಲು ಬರುವ ಹಾಗೆ ಇಟ್ಟುಕೊಂಡಿದೆ ಎಂದರ್ಥ. ಅದೇ ಪಾಸ್‌ವರ್ಡ್ ಬೇರೆಲ್ಲಿ ಇದೆಯೋ ಅಲ್ಲೆಲ್ಲ ಬದಲಾಯಿಸಿ.

‘ಕಸ್ಟಮರ್ ಕೇರ್ ನಂಬರ್’ ಹುಡುಕಲು ಹೋಗಬೇಡಿ. ದುಡ್ಡು ಕೊಟ್ಟರೆ ಖಾತೆ ತೆರೆಸಿಕೊಡುತ್ತೇವೆ ಎನ್ನುವವರಿಗೆ ಬೇಕಾಗಿರುವುದು ನಿಮ್ಮ ಫೋನ್‌ಗೆ ಬರುವ ಕೋಡ್.

ಒಳಗೆ ಹೋದ ಮೇಲೆ ಮೊದಲು ರಿಕವರಿ ಫೋನ್ ಮತ್ತು ಇಮೇಲ್ ಸರಿಪಡಿಸಬೇಕು. ಬದಲಾಯಿಸಿದ ಮೇಲೂ ಗೂಗಲ್ 7 ದಿನ ಹಳೆಯ ನಂಬರಿಗೆ ಕೋಡ್ ಕಳಿಸಲು ಅವಕಾಶ ಕೊಡಬಹುದು ಎಂಬುದು ನೆನಪಿರಲಿ. ಇಲ್ಲಿ ನಾನು ವಿಶೇಷವಾಗಿ ನೋಡುವುದು ಸುತ್ತು ಬಿದ್ದಿದೆಯೇ ಎಂದು: ಒಂದು ಮೇಲ್‌ಗೆ ಎರಡನೆಯದು ರಿಕವರಿ, ಎರಡನೆಯದಕ್ಕೆ ಮೊದಲನೆಯದು, ಎರಡರ ಕೋಡೂ ಒಂದೇ ಫೋನ್‌ಗೆ. ಆ ಫೋನ್ ಕಳೆದರೆ ಎರಡೂ ಒಟ್ಟಿಗೆ ಹೋಗುತ್ತವೆ. ಒಂದಾದರೂ ದಾರಿ ಫೋನ್‌ನಿಂದ ಹೊರಗಿರಬೇಕು. ಕಾಗದದ ಮೇಲೆ ಅಚ್ಚು ಹಾಕಿದ ಬ್ಯಾಕಪ್ ಕೋಡ್ ಸಾಕು.

ಹಳೆಯ ಸಾಧನ, ನಂಬರ್, ರಿಕವರಿ ಇಮೇಲ್, ಹಳೆಯ ಪಾಸ್‌ವರ್ಡ್ ಇವುಗಳಲ್ಲಿ ಒಂದೂ ಇಲ್ಲದಿದ್ದರೆ ಖಾತೆ ಸಿಗುವ ಸಾಧ್ಯತೆ ತೀರಾ ಕಡಿಮೆ. ಆಗ ತಿಂಗಳುಗಟ್ಟಲೆ ಅದರ ಹಿಂದೆ ಬೀಳದೆ ಹೊಸ ಇಮೇಲ್ ತೆರೆದು, ಇನ್ನೂ ಲಾಗಿನ್ ಆಗಿಯೇ ಇರುವ ಬ್ಯಾಂಕ್, ಶಾಪಿಂಗ್, ಸಾಮಾಜಿಕ ಜಾಲತಾಣದ ಖಾತೆಗಳಲ್ಲಿ ವಿಳಾಸ ಬದಲಾಯಿಸಲು ಶುರು ಮಾಡಬೇಕು, ಬ್ಯಾಂಕಿನಿಂದಲೇ ಮೊದಲು. ಅವು ಲಾಗ್‌ಔಟ್ ಆದ ಮೇಲೆ ಹಳೆಯ ವಿಳಾಸಕ್ಕೇ ಕೋಡ್ ಕಳಿಸುತ್ತೇವೆ ಎನ್ನುತ್ತವೆ.