ಧಾರವಾಡದಿಂದ ಪುಣೆಗೆ: ಗೆಳೆಯರಿಗೆ ನಾನು ಏನೇನು ಕೇಳಿದೆ

2023ರ ಮಾರ್ಚ್ ಕೊನೆಗೆ ಆಫೀಸಿನಲ್ಲಿ ವರ್ಗಾವಣೆ ಪತ್ರ ಕೈಗಿಟ್ಟರು. ಜೂನ್ 5ಕ್ಕೆ ಪುಣೆಯಲ್ಲಿ ಹಾಜರಾಗಬೇಕು. ಹುಟ್ಟಿದ್ದು, ಓದಿದ್ದು, ಮದುವೆಯಾಗಿ ಸಂಸಾರ ಹೂಡಿದ್ದು ಎಲ್ಲ ಧಾರವಾಡದಲ್ಲೇ. ನಮ್ಮನೆಯವರು ಮನೆಯಲ್ಲೇ ಕೂತು ಕಟ್ಟಡಗಳ ಡ್ರಾಯಿಂಗ್ ಮಾಡುತ್ತಾರೆ, ಅವರಿಗೆ ಊರು ಯಾವುದಾದರೂ ನಡೆಯುತ್ತದೆ. ಮಗಳು ಆಗಷ್ಟೇ ಮೂರನೇ ಕ್ಲಾಸ್ ಮುಗಿಸಿದ್ದಳು. ಹೋಗೋದು ಅಂತ ಒಂದೇ ರಾತ್ರಿಯಲ್ಲಿ ತೀರ್ಮಾನ ಆಯಿತು. ಹೇಗೆ ಅನ್ನೋದು ಮಾತ್ರ ಗೊತ್ತಿರಲಿಲ್ಲ.

ಪುಣೆಯಲ್ಲಿ ನಮಗೆ ಇದ್ದವರು ಮೂವರು. ಹಾಸ್ಟೆಲ್‌ನಲ್ಲಿ ನನ್ನ ರೂಮ್‌ಮೇಟ್ ಆಗಿದ್ದವಳು ಒಬ್ಬಳು. ಕೋಥರೂಡ್‌ನ ಮರಾಠಿ ಮನೆಗೆ ಸೊಸೆಯಾಗಿ ಹೋಗಿ ಹದಿನಾಲ್ಕು ವರ್ಷ ಆಗಿದೆ. ಹಳೆಯ ಆಫೀಸಿನ ಗೆಳತಿ ಇನ್ನೊಬ್ಬಳು, ಬಾಣೇರ್ ಕಡೆ ಇದ್ದಾಳೆ. ಮೂರನೆಯವರು ನಮ್ಮನೆಯವರ ಗೆಳೆಯ, ಬೆಳಗಾವಿಯವರು, ಹಿಂಜವಡಿಯಲ್ಲಿ ಕೆಲಸ. ಮೂವರಿಗೂ ಒಂದೇ ಮೆಸೇಜ್ ಹಾಕಿದೆ: "ಪುಣೆಗೆ ಬರ್ತಾ ಇದ್ದೀವಿ, ಸ್ವಲ್ಪ ಸಹಾಯ ಮಾಡ್ರಿ." ಮೂವರೂ "ಖಂಡಿತ" ಅಂದರು. ಹತ್ತು ದಿನ ಕಳೆಯಿತು. ಏನೂ ಆಗಲಿಲ್ಲ.

ಅವರದು ತಪ್ಪಲ್ಲ. ಏನು ಮಾಡಬೇಕು ಅಂತ ನಾನು ಹೇಳಿದ್ದರೆ ತಾನೇ? ಒಂದು ಭಾನುವಾರ ನೋಟ್‌ಬುಕ್ ಹಿಡಿದು ಕೂತೆ. ಧಾರವಾಡದಲ್ಲಿ ಕೂತು ನಾನೇ ಮಾಡಿಕೊಳ್ಳಬಹುದಾದ ಕೆಲಸ ಯಾವುದು, ಆ ಊರಲ್ಲಿ ನಿಂತವರೇ ಮಾಡಬೇಕಾದ ಕೆಲಸ ಯಾವುದು ಅಂತ ಬೇರೆ ಬೇರೆ ಬರೆದೆ. ಎರಡನೇ ಪಟ್ಟಿ ಬಹಳ ಚಿಕ್ಕದಾಗಿತ್ತು. ಅದನ್ನು ಮೂವರಿಗೆ ಹಂಚಿ, ಒಬ್ಬೊಬ್ಬರಿಗೆ ಫೋನ್ ಮಾಡಿದೆ.

ರೂಮ್‌ಮೇಟ್‌ಗೆ ಹೇಳಿದೆ, "ನೀನು ಮನೆ ಹುಡುಕಬೇಡ. ನಾನೇ ಹುಡುಕಿ ವಿಳಾಸ ಕಳಿಸ್ತೀನಿ. ನೀನು ಹೋಗಿ ಕಣ್ಣಾರೆ ನೋಡಿ ಬಂದರೆ ಸಾಕು. ಸಂಜೆ ಏಳರ ಮೇಲೆ ಹೋಗು."

"ಇಷ್ಟ ಏನು? ಇದನ್ನ ಮೊದಲ ಹೇಳಬಾರದೇನಲೇ?" ಅಂದಳು.

ಸಂಜೆ ಏಳರ ಮೇಲೆ ಅಂದಿದ್ದಕ್ಕೆ ಕಾರಣ ಇದೆ. ಹಗಲಲ್ಲಿ ಮನೆ ತೋರಿಸಿದರೆ ಬೆಳಕು ಚೆನ್ನಾಗಿದೆ, ಗಾಳಿ ಚೆನ್ನಾಗಿದೆ ಅಂತ ಅನಿಸುತ್ತದೆ. ಎಲ್ಲರೂ ಕೆಲಸದಿಂದ ಮನೆಗೆ ಬಂದು ನಲ್ಲಿ ತಿರುಗಿಸುವ ಹೊತ್ತಿಗೆ ಹೋದರೆ ಮನೆಯ ನಿಜ ಗೊತ್ತಾಗುತ್ತದೆ. ಧಾರವಾಡದಲ್ಲಿ ಬೆಳೆದವಳಿಗೆ ನೀರಿನ ಬಗ್ಗೆ ಯಾರೂ ಹೇಳಿಕೊಡಬೇಕಾಗಿಲ್ಲ, ನಳ ಬರುವ ದಿನ ಲೆಕ್ಕ ಹಾಕಿಕೊಂಡೇ ದೊಡ್ಡವಳಾಗಿದ್ದೇನೆ. ಪುಣೆಗೆ ನೀರು ಖಡಕ್‌ವಾಸಲಾ, ಪಾನ್‌ಶೇತ್, ವರಸ್‌ಗಾಂವ್, ಟೇಮ್‌ಘರ್ ಅಣೆಕಟ್ಟುಗಳಿಂದ ಬರುತ್ತದೆ. ಊರ ನಡುವೆ ಪಾಲಿಕೆ ನೀರು ಸಾಕಷ್ಟು ಸಿಗುತ್ತದೆ. ಹೊಸದಾಗಿ ಬೆಳೆದ ಅಂಚಿನ ಬಡಾವಣೆಗಳಲ್ಲಿ ಬೇಸಿಗೆ ಬಂದರೆ ಟ್ಯಾಂಕರೇ ಗತಿ.

ಇಷ್ಟು ಗೊತ್ತಿದ್ದೂ ನಾನು ಒಂದು ತಪ್ಪು ಮಾಡಿದೆ. ಒಂದು ಮನೆಯ ಫೋಟೊ ನೋಡಿ ಮರುಳಾದೆ. ದೊಡ್ಡ ಬಾಲ್ಕನಿ, ಬಿಳಿ ಗೋಡೆ, ಅಡುಗೆಮನೆಗೆ ಕಿಟಕಿ. ಬ್ರೋಕರ್ "ಇವತ್ತೇ ಟೋಕನ್ ಕೊಡಿ, ಇಲ್ಲಾಂದ್ರೆ ಬೇರೆಯವರಿಗೆ ಹೋಗುತ್ತೆ" ಅಂದ. ರೂಮ್‌ಮೇಟ್ ಕೈಯಿಂದ 5,000 ರೂಪಾಯಿ ಕೊಡಿಸಿಬಿಟ್ಟೆ. ಮರುದಿನ ಸಂಜೆ ಅವಳು ಹೋಗಿ ವಿಡಿಯೊ ಕಾಲ್ ಮಾಡಿದಳು. ಅಡುಗೆಮನೆಯ ನಲ್ಲಿ ತಿರುಗಿಸಿದಳು. ಮೊದಲು ಬುಸ್ ಅಂತ ಗಾಳಿ ಬಂತು. ಆಮೇಲೆ ಬೆರಳು ದಪ್ಪದ ನೀರು, ಅದೂ ಕೆಂಪಗೆ. ಎರಡು ನಿಮಿಷಕ್ಕೆ ದಾರದಷ್ಟು ಸಣ್ಣದಾಯಿತು. ಅವಳು ಮಾತಾಡದೆ ಫೋನನ್ನು ಹಾಗೇ ನಲ್ಲಿಯ ಹತ್ತಿರ ಹಿಡಿದು ನಿಂತಿದ್ದಳು. ಪಕ್ಕದ ಮನೆಯವರು ಬಾಗಿಲಿಗೆ ಬಂದು, ಮೇ ತಿಂಗಳಲ್ಲಿ ದಿನಾ ಟ್ಯಾಂಕರ್ ತರಿಸುತ್ತೇವೆ, ಅದರ ದುಡ್ಡು ಬೇರೆ ಅಂದರಂತೆ.

ಮನೆ ಬೇಡ ಅಂದೆವು. ಟೋಕನ್ ವಾಪಸ್ ಬರಲಿಲ್ಲ. ನಾನು ಅವಳಿಗೆ ಅದೇ ರಾತ್ರಿ ಹಣ ಕಳಿಸಿದೆ. ಅವಳು ಬೇಡ ಬೇಡ ಅಂದಳು, ಬ್ರೋಕರ್ ಹತ್ತಿರ ಜಗಳ ಆಡಲು ಮತ್ತೆ ಹೋಗಿಯೂ ಬಂದಳು. ಅದು ನನಗೆ ಇವತ್ತಿಗೂ ಚುಚ್ಚುತ್ತದೆ. ಗೆಳೆಯರ ಸಮಯ ಕೇಳಬಹುದು, ಕಣ್ಣು ಕೇಳಬಹುದು. ಹಣ ಮಾತ್ರ ನಮ್ಮ ಖಾತೆಯಿಂದ ನೇರವಾಗಿ, ನಾವೇ ಕಳಿಸಬೇಕು. ಅವರನ್ನು ನಡುವೆ ನಿಲ್ಲಿಸಬಾರದು.

ಎರಡನೇ ಮನೆ ವನಾಜ್ ಮೆಟ್ರೊ ಸ್ಟೇಷನ್ ಹತ್ತಿರ, ನಾಲ್ಕನೇ ಮಹಡಿ, ತಿಂಗಳಿಗೆ 24,000. ಮೆಟ್ರೊ ಆಗ ವನಾಜ್‌ನಿಂದ ಗರವಾರೆ ಕಾಲೇಜಿನ ತನಕ ಮಾತ್ರ ಓಡುತ್ತಿತ್ತು. ನೀರು ಜೋರಾಗಿತ್ತು. ರೂಮ್‌ಮೇಟ್ ನಾನು ಕೇಳದೇ ಇದ್ದ ಇನ್ನೆರಡು ವಿಷಯ ನೋಡಿಕೊಂಡು ಬಂದಿದ್ದಳು. ಒಂದು, ಅಡುಗೆಮನೆಗೆ ಪೈಪ್ ಗ್ಯಾಸ್ ಇದೆ. ಇನ್ನೊಂದು, ಲಿಫ್ಟ್ ಪಕ್ಕದ ಸೊಸೈಟಿ ಬೋರ್ಡ್. ಅದರ ಫೋಟೊ ಕಳಿಸಿದಳು: ಮನೆ ಸಾಮಾನು ಏರಿಸಲು ಇಳಿಸಲು ಬೆಳಿಗ್ಗೆ 10ರಿಂದ ಸಂಜೆ 5ರ ತನಕ ಮಾತ್ರ, ಭಾನುವಾರ ಇಲ್ಲ. ನಾವು ಭಾನುವಾರವೇ ಲಾರಿ ತರಿಸುವ ಯೋಚನೆಯಲ್ಲಿದ್ದೆವು.

ಕರಾರಿನ ವಿಷಯ ನಮ್ಮ ಕಡೆಗಿಂತ ಬೇರೆ. ನಮ್ಮಲ್ಲಿ 11 ತಿಂಗಳಿಗೆ ಸ್ಟ್ಯಾಂಪ್ ಪೇಪರ್ ಮೇಲೆ ಬರೆದು ಸಹಿ ಹಾಕಿದರೆ ಮುಗಿಯಿತು. ಮಹಾರಾಷ್ಟ್ರದಲ್ಲಿ 1999ರ ಬಾಡಿಗೆ ನಿಯಂತ್ರಣ ಕಾಯ್ದೆಯ ಪ್ರಕಾರ ಎಷ್ಟೇ ತಿಂಗಳಿಗಾದರೂ ನೋಂದಣಿ ಮಾಡಿಸಲೇಬೇಕು. ಅದನ್ನು 'ಲೀವ್ ಅಂಡ್ ಲೈಸೆನ್ಸ್' ಅಂತಾರೆ. ಒಟ್ಟು ಬಾಡಿಗೆಯ ಮೇಲೆ ಶೇಕಡ 0.25 ಮುದ್ರಾಂಕ ಶುಲ್ಕ. ನಮ್ಮ 11 ತಿಂಗಳ ಲೆಕ್ಕಕ್ಕೆ 700 ರೂಪಾಯಿ ಒಳಗೇ ಆಯಿತು. ಅದರ ಮೇಲೆ ನೋಂದಣಿಗೆ 1,000, ಮಾಡಿಕೊಡುವ ಏಜೆಂಟನ ಫೀಸು ಬೇರೆ. ಏಜೆಂಟ್ ಹೆಬ್ಬೆಟ್ಟಿನ ಯಂತ್ರ, ಕ್ಯಾಮೆರಾ ಹಿಡಿದು ಮನೆಗೇ ಬರುತ್ತಾನೆ. ಇಬ್ಬರು ಸಾಕ್ಷಿ ಬೇಕು. ಗೊತ್ತಿಲ್ಲದ ಊರಲ್ಲಿ ಆಧಾರ್ ಕೊಟ್ಟು ಹೆಬ್ಬೆಟ್ಟು ಒತ್ತಲು ಯಾರು ಬರುತ್ತಾರೆ ಹೇಳಿ? ರೂಮ್‌ಮೇಟ್ ಗಂಡ ಮತ್ತು ಬೆಳಗಾವಿ ಗೆಳೆಯ ಬಂದು ಕೂತರು. ಈ ಕರಾರು ಪತ್ರವೇ ಮುಂದೆ ಆಧಾರ್ ವಿಳಾಸ ಬದಲಾವಣೆಗೂ ಶಾಲೆಗೂ ಬೇಕಾಯಿತು.

ಬೆಳಗಾವಿ ಗೆಳೆಯರಿಗೆ ನಾನು ಕೇಳಿದ್ದು ಲಾರಿ ವಿಷಯ. ಅವರು ಇದೇ ದಾರಿಯಲ್ಲಿ ಎರಡು ಸಲ ಮನೆ ಸಾಗಿಸಿದ್ದಾರೆ. ಅವರು ಹೇಳಿದ್ದು ಎರಡೇ ಮಾತು. "ವೈನಿ, ಟೋಲ್, ಇಳಸೂ ಕೂಲಿ, ಲಿಫ್ಟ್ ಎಲ್ಲಾ ಸೇರಿ ಎಷ್ಟು ಅಂತ ವಾಟ್ಸಾಪ್‌ನ್ಯಾಗ ಅವರ ಕಡಿಂದನ ಬರಸ್ಕೋರಿ. ಅರ್ಧಕ್ಕಿಂತ ಜಾಸ್ತಿ ರೊಕ್ಕ ಸಾಮಾನು ಇಳದ ಮ್ಯಾಲೆ ಕೊಡ್ರಿ." ಹಾಗೇ ಮಾಡಿದೆ. 24,000 ಅಂತ ಬರೆಸಿಕೊಂಡೆ, 10,000 ಮುಂಗಡ ಕೊಟ್ಟೆ.

ಅದು ಕೈ ಹಿಡಿಯಿತು. ಮೇ 31ರ ರಾತ್ರಿ ಧಾರವಾಡದಲ್ಲಿ ಲೋಡ್ ಆದ ಲಾರಿ ಮರುದಿನ ಬೆಳಿಗ್ಗೆ ಸಾತಾರಾ ದಾಟುವ ಮೊದಲು ನಿಂತಿತು. ಟೋಲ್ ಬೇರೆ, ಇನ್ನೂ 5,000 ಹಾಕಿದರೆ ಮಾತ್ರ ಮುಂದೆ ಹೋಗೋದು ಅಂತ ಫೋನ್ ಬಂತು. ನನಗೆ ಎದೆ ಧಸಕ್ ಅಂತು. ಸಂಜೆ ಐದಕ್ಕೆ ಗೇಟ್ ಮುಚ್ಚುತ್ತಾರೆ. ಬೆಳಗಾವಿ ಗೆಳೆಯರು ಫೋನ್ ತೆಗೆದುಕೊಂಡು, ಆ ಮೆಸೇಜನ್ನು ಅವರಿಗೇ ಓದಿ ಹೇಳಿದರು. ಜೋರು ಮಾಡಲಿಲ್ಲ. "ನಿಮ್ಮ 14,000 ಇಲ್ಲಿ ರೆಡಿ ಐತಿ, ಬಂದು ತಗೋರಿ" ಅಂದರು ಅಷ್ಟೇ. ಲಾರಿ ಮೂರಕ್ಕೆ ಬಂತು. ಕೊನೆಯ ಬೀರು ಒಳಗೆ ಹೋದಾಗ ಐದಕ್ಕೆ ಹತ್ತು ನಿಮಿಷ ಇತ್ತು.

ಸ್ಕೂಟರ್ ಕೂಡ ಅದೇ ಲಾರಿಯಲ್ಲಿ ಬಂತು. ಬೇರೆ ರಾಜ್ಯದಲ್ಲಿ 12 ತಿಂಗಳಿಗಿಂತ ಹೆಚ್ಚು ಓಡಿಸುವುದಾದರೆ ಹಳೆಯ ಆರ್‌ಟಿಒದಿಂದ ಎನ್‌ಒಸಿ ತಂದು ಹೊಸ ನಂಬರ್ ಹಾಕಿಸಬೇಕು. ಊರು ಬಿಡುವ ಮೊದಲೇ ಅರ್ಜಿ ಹಾಕಿದರೆ ಮತ್ತೊಂದು ಓಡಾಟ ಉಳಿಯುತ್ತದೆ. ನಾವು ಹಾಕಿರಲಿಲ್ಲ, ನಮ್ಮನೆಯವರು ದೀಪಾವಳಿಗೆ ಊರಿಗೆ ಹೋದಾಗ ಆ ಕೆಲಸ ಮುಗಿಸಿದರು.

ನಾನು ಮತ್ತು ಮಗಳು ಮೇ 27ಕ್ಕೇ ಬಂದು ರೂಮ್‌ಮೇಟ್ ಮನೆಯಲ್ಲಿ ಇಳಿದಿದ್ದೆವು. ಬರುವ ಮೊದಲೇ ಹೇಳಿದ್ದೆ, "ಜೂನ್ 1ಕ್ಕೆ ಹೊರಡ್ತೀವಿ, ಲಾರಿ ಬರಲಿ ಬಿಡಲಿ." ಯಾವಾಗ ಹೋಗುತ್ತಾರೆ ಅಂತ ಗೊತ್ತಿದ್ದರೆ ಮನೆಯವರಿಗೂ ನಿರಾಳ, ನಮಗೂ ನಿರಾಳ. ಅವಳ ಅತ್ತೆಗೆ ಎಪ್ಪತ್ತೈದು ದಾಟಿದೆ, ಎಲ್ಲರೂ ಆಜಿ ಅಂತಾರೆ. ಮೊದಲ ದಿನ ಸ್ವಲ್ಪ ಬಿಗಿಯಾಗಿದ್ದರು. ನಾನು ಧಾರವಾಡದವಳು ಅಂತ ಗೊತ್ತಾದಾಗ ಮುಖ ಅರಳಿತು. ನಮ್ಮ ಧಾರವಾಡ ಜಿಲ್ಲೆಯ ಕುಂದಗೋಳದ ಗಾಯಕ ಸವಾಯಿ ಗಂಧರ್ವರ ನೆನಪಿಗೆ ಭೀಮಸೇನ ಜೋಶಿಯವರು 1953ರಲ್ಲಿ ಪುಣೆಯಲ್ಲಿ ಶುರು ಮಾಡಿದ ಸಂಗೀತ ಉತ್ಸವಕ್ಕೆ ಆಜಿ ಮದುವೆಯಾದ ವರ್ಷದಿಂದ ಹೋಗುತ್ತಿದ್ದವರು. ರಾತ್ರಿಯಿಡೀ ಚಾಪೆ ಮೇಲೆ ಕೂತು ಕೇಳಿದ ಕತೆ ಹೇಳಿದರು. ಅವರ ಮರಾಠಿ ನನಗೆ ಅರ್ಧ ಅರ್ಥವಾಯಿತು, ಉಳಿದ ಅರ್ಧ ಅವರ ಕೈಯ ತಾಳದಲ್ಲಿತ್ತು.

ಬಾಣೇರ್ ಗೆಳತಿಗೆ ಕೇಳಿದ್ದು ಶಾಲೆ ವಿಷಯ. ಅಡ್ಮಿಷನ್ ಕೊಡಿಸು ಅನ್ನಲಿಲ್ಲ. ನಾನು ಆರಿಸಿದ್ದ ಎರಡು ಶಾಲೆಗಳ ಗೇಟ್ ಹತ್ತಿರ ನಿಂತು, ಮಕ್ಕಳನ್ನು ಕರೆದೊಯ್ಯಲು ಬರುವ ಮೂವರು ತಾಯಂದಿರನ್ನು ಮಾತಾಡಿಸು ಅಂದೆ. ಬಸ್ ಹೊತ್ತಿಗೆ ಬರುತ್ತಾ, ಬೇರೆ ಊರಿನಿಂದ ಬಂದ ಮಕ್ಕಳನ್ನು ಹೇಗೆ ನೋಡಿಕೊಳ್ಳುತ್ತಾರೆ, ಇಷ್ಟೇ ಪ್ರಶ್ನೆ. ಅವಳು ಏಪ್ರಿಲ್‌ನಲ್ಲಿ ಶಾಲೆ ರಜೆಗೆ ಮುಚ್ಚುವ ಮೊದಲು ಒಂದು ಮಧ್ಯಾಹ್ನ ರಜೆ ಹಾಕಿ ಹೋಗಿ ಬಂದಳು. ಅವಳು ತಂದ ಒಂದು ಸುದ್ದಿಯಿಂದ ನಮಗೆ ದೊಡ್ಡ ಓಡಾಟ ತಪ್ಪಿತು. ಬೇರೆ ರಾಜ್ಯದ ಟಿಸಿಗೆ ಶಿಕ್ಷಣಾಧಿಕಾರಿಯ ಮೇಲುರುಜು ಕೇಳುತ್ತಾರೆ ಅಂತ ಒಬ್ಬ ತಾಯಿ ಹೇಳಿದ್ದರು. ನಾವು ಧಾರವಾಡದಲ್ಲಿ ಇದ್ದಾಗಲೇ ಬಿಇಒ ಕಚೇರಿಗೆ ಹೋಗಿ ಹಾಕಿಸಿಕೊಂಡೆವು. ನಮ್ಮ ಕಡೆ ಶಾಲೆಗಳು ಮೇ ಕೊನೆಗೆ ಶುರುವಾದರೆ ಅಲ್ಲಿ ಜೂನ್ ನಡುವಿಗೆ. ಆ ಎರಡು ವಾರ ನಮಗೆ ಬಹಳ ಉಪಯೋಗಕ್ಕೆ ಬಂತು.

2020ರ ಕಾಯ್ದೆ ಬಂದ ಮೇಲೆ ಮಹಾರಾಷ್ಟ್ರದಲ್ಲಿ ಯಾವ ಬೋರ್ಡಿನ ಶಾಲೆಯಾದರೂ ಮರಾಠಿ ಕಲಿಸಬೇಕು. ಮಗಳಿಗೆ ಅದೇ ಭಯ. ಆ ಐದು ದಿನ ಆಜಿ ಅವಳನ್ನು ಪಕ್ಕದಲ್ಲಿ ಕೂರಿಸಿಕೊಂಡು ಸ್ಲೇಟಿನ ಮೇಲೆ ಅಕ್ಷರ ಬರೆಸಿದರು. ಮೂರನೇ ದಿನ ಅವಳು ಓಡಿ ಬಂದು, "ಅಮ್ಮಾ, ಇವರಲ್ಲೂ ಳ ಇದೆ!" ಅಂತ ಕೂಗಿದಳು. ಹಿಂದಿ ಪುಸ್ತಕದಲ್ಲಿ ಅವಳಿಗೆ ಆ ಅಕ್ಷರ ಸಿಕ್ಕಿರಲಿಲ್ಲ. ಬಾಳು, ಕಮಳ, ಕೇಳೆ ಅಂತ ಸ್ಲೇಟ್ ತುಂಬ ಬರೆದಿದ್ದಳು. ಅವಳ ಭಯ ಅರ್ಧ ಹೋಯಿತು. ನನ್ನದೂ.

ಪ್ಯಾಕಿಂಗ್ ಬಗ್ಗೆ ಒಂದೇ ಮಾತು. 'ಮೊದಲು ಬಿಚ್ಚು' ಅಂತ ಬರೆದ ಒಂದು ಡಬ್ಬ ಇರಲಿ, ಅದನ್ನು ಲಾರಿಗೆ ಕೊನೆಗೆ ಹಾಕಿಸಿ. ಹಾಲಿನ ಪಾತ್ರೆ, ಲೋಟ, ಚಹಾಪುಡಿ, ಸಕ್ಕರೆ, ಚಾಕು, ಬಲ್ಬು, ಸೋಪು, ಎರಡು ಚಾದರ, ದೇವರ ದೀಪ, ಬೆಂಕಿಪೊಟ್ಟಣ. ಕಾಗದಪತ್ರ, ಬಂಗಾರ ಲಾರಿಗೆ ಬೇಡ, ನಮ್ಮ ಕೈಚೀಲದಲ್ಲೇ ಇರಲಿ.

ಸಾಮಾನು ಇಳಿದ ಮೇಲೆ ಹಾಲು ಉಕ್ಕಿಸಲು ಒಲೆ ಹಚ್ಚಿದೆ. ಸಿಲಿಂಡರ್, ರೆಗ್ಯುಲೇಟರ್ ಧಾರವಾಡದ ಏಜೆನ್ಸಿಗೆ ಒಪ್ಪಿಸಿ ಡಿಪಾಸಿಟ್ ವಾಪಸ್ ತಂದಿದ್ದೆ, ಪೈಪ್ ಗ್ಯಾಸ್ ಇದೆಯಲ್ಲ ಅಂತ. ಗೆಳೆಯರು ಗೊತ್ತಿದ್ದ ಮೆಕ್ಯಾನಿಕ್‌ನನ್ನು ಕರೆಸಿ ಪೈಪಿಗೆ ಒಲೆ ಜೋಡಿಸಿಟ್ಟಿದ್ದರು. ಹಚ್ಚಿದರೆ ಉರಿ ಮೇಲೇ ಏಳುತ್ತಿಲ್ಲ. ಸಣ್ಣ ನೀಲಿ ಚುಕ್ಕೆಗಳು, ಅಷ್ಟೇ. ಕೈ ಹತ್ತಿರ ಹಿಡಿದರೂ ಬಿಸಿ ಅಷ್ಟಕ್ಕಷ್ಟೇ. ಒಲೆ ಕೆಟ್ಟಿತೇನೋ ಅಂದುಕೊಂಡೆ. ಮೆಕ್ಯಾನಿಕ್ ವಿವರಿಸಿದ. ಸಿಲಿಂಡರ್ ಗ್ಯಾಸಿನ ಒಲೆಯಲ್ಲಿ ಗ್ಯಾಸ್ ಹೊರಬರುವ ಜೆಟ್ಟಿನ ತೂತು ಸಣ್ಣದು. ಪೈಪಿನಲ್ಲಿ ಬರುವ ಗ್ಯಾಸಿಗೆ ಅಷ್ಟು ಶಕ್ತಿ ಇರೋದಿಲ್ಲ, ಅದು ಜಾಸ್ತಿ ಬರಬೇಕು, ತೂತು ದೊಡ್ಡದಿರಬೇಕು. ಜೆಟ್ ನಾಳೆ ತಂದು ಹಾಕ್ತೀನಿ ಅಂದ. ರೂಮ್‌ಮೇಟ್ ಇಂಡಕ್ಷನ್ ಒಲೆ ತಂದಿದ್ದಳು, ಅದರ ಮೇಲೆ ಇಡೋಣ ಅಂದಳು. ಆಜಿ ಬೇಡ ಅಂದರು. ಒಮ್ಮೆ ಒಲೆಗಿಟ್ಟ ಹಾಲನ್ನು ಉಕ್ಕುವ ಮೊದಲು ಇಳಿಸಬಾರದಂತೆ. ಹೀಗೆ ಗಂಟು ಮೂಟೆಗಳ ನಡುವೆ ಎಂಟು ಜನ, ಆ ಸಣ್ಣ ಉರಿಯ ಸುತ್ತ ನಿಂತುಕೊಂಡು ಕಾದೆವು. ಅರ್ಧ ಲೀಟರ್ ಹಾಲು ಉಕ್ಕಲು ಅರ್ಧ ಗಂಟೆಯಾದರೂ ಹಿಡಿದಿರಬೇಕು. ಅಂಚಿಗೆ ಬಂದು ಪಾತ್ರೆಯಿಂದ ಇಳಿದಾಗ ಮಗಳು ಚಪ್ಪಾಳೆ ಹೊಡೆದಳು.

ರಾತ್ರಿ ಊಟ ರೂಮ್‌ಮೇಟ್ ಮನೆಯಿಂದಲೇ ಬಂದಿತ್ತು. ಸ್ಟೀಲ್ ಡಬ್ಬಿಯಲ್ಲಿ ಭಾಕರಿ, ಪಿಠ್ಲ, ಮೇಲೆ ಹಸಿಮೆಣಸಿನಕಾಯಿ ಠೇಚಾ. ಭಾಕರಿ ಮುರಿದಾಗ ನಮ್ಮ ಜೋಳದ ರೊಟ್ಟಿಯದೇ ವಾಸನೆ. ಮುಂದಿನ ವಾರ ಇಂಡಕ್ಷನ್ ಒಲೆ ವಾಪಸ್ ಕೊಡಲು ಹೋದಾಗ ಆ ಡಬ್ಬಿಯನ್ನು ಖಾಲಿ ಕೊಡಬಾರದು ಅಂತ ಧಾರವಾಡ ಪೇಡೆ ತುಂಬಿಕೊಂಡು ಹೋದೆ. ಖಾಲಿ ಕಳಿಸಬಾರದು ಅಂತ ಆಜಿ ಅದರಲ್ಲಿ ಚಕ್ಕುಲಿ ತುಂಬಿ ಕಳಿಸಿದರು. ಅವತ್ತಿನಿಂದ ಡಬ್ಬಿ ಎರಡು ಮನೆಗಳ ನಡುವೆ ಓಡಾಡುತ್ತಲೇ ಇದೆ. ಸದ್ಯ ನಮ್ಮ ಮನೆಯಲ್ಲಿದೆ. ನಾಳೆ ಶೇಂಗಾ ಹೋಳಿಗೆ ಮಾಡಬೇಕು.