ಕರೆಂಟ್ ಹೋದರೂ ನಡೆಯುವ ಕಂಪ್ಯೂಟರ್

ಹಳ್ಳಿಯ ಶಾಲೆಗೋ ಲೈಬ್ರರಿಗೋ ಕಂಪ್ಯೂಟರ್ ತರೋಣ ಅಂದರೆ ಎಲ್ಲರೂ ಮೊದಲು ಬೆಲೆ ಕೇಳುತ್ತಾರೆ. ಮೊದಲು ಕೇಳಬೇಕಾದದ್ದು ಅದಕ್ಕೆ ಎಷ್ಟು ವ್ಯಾಟ್ ಬೇಕು ಅಂತ. ಕರೆಂಟ್ ಆಗಾಗ ಹೋಗುವ ಕಡೆ ಎಂಥ ಒಳ್ಳೆಯ ಕಂಪ್ಯೂಟರ್ ಆದರೂ ಮೂಲೆಯಲ್ಲಿ ದೂಳು ಹಿಡಿಯುತ್ತದೆ.

ಹಾಗಾಗಿ ಮೊದಲ ಹೆಜ್ಜೆ ಲೆಕ್ಕ. ರಾಸ್ಪ್‌ಬೆರಿ ಪೈ 4 ಅಂಗೈ ಅಗಲದ ಕಂಪ್ಯೂಟರ್. ಓದು, ಬರಹದಂಥ ಕೆಲಸಕ್ಕೆ ಅದಕ್ಕೆ ಸುಮಾರು 5 ವ್ಯಾಟ್ ಸಾಕು. 2020ರಲ್ಲಿ ಬಂದ ಪೈ 400ರಲ್ಲಿ ಕಂಪ್ಯೂಟರ್ ಕೀಬೋರ್ಡ್ ಒಳಗೇ ಇದೆ. ವೈರ್ ಕಡಿಮೆ, ಮಕ್ಕಳಿಗೆ ಇದೇ ವಾಸಿ. ಚಿಕ್ಕ ಎಲ್‌ಇಡಿ ಮಾನಿಟರ್‌ಗೆ ಸುಮಾರು 15 ವ್ಯಾಟ್. ಕಂಪ್ಯೂಟರ್‌ಗಿಂತ ಪರದೆಗೇ ಜಾಸ್ತಿ, ನೋಡಿ! ಅದನ್ನು ಆರಿಸುವಾಗಲೇ ಹುಷಾರಾಗಿರಬೇಕು. ಒಟ್ಟು 20 ವ್ಯಾಟ್. ದಿನಕ್ಕೆ 5 ಗಂಟೆ ಅಂದರೆ 100 ವ್ಯಾಟ್-ಅವರ್.

ಇನ್ನು ಬ್ಯಾಟರಿ. 12 ವೋಲ್ಟ್, 20 ಆಂಪ್-ಅವರ್ ಬ್ಯಾಟರಿಯಲ್ಲಿ 240 ವ್ಯಾಟ್-ಅವರ್ ಇರುತ್ತದೆ. ಲೆಡ್ ಆಸಿಡ್ ಬ್ಯಾಟರಿಯಾದರೆ ಅರ್ಧಕ್ಕಿಂತ ಜಾಸ್ತಿ ಖಾಲಿ ಮಾಡಬೇಡಿ, ಬೇಗ ಹಾಳಾಗುತ್ತದೆ. ಉಳಿದ 120 ನಮ್ಮ ಲೆಕ್ಕಕ್ಕೆ ಸಾಕು. 50 ವ್ಯಾಟ್ ಸೋಲಾರ್ ಪ್ಯಾನೆಲ್ ಮೇಲೆ 4 ಗಂಟೆ ಒಳ್ಳೆ ಬಿಸಿಲು ಬಿದ್ದರೆ 200 ವ್ಯಾಟ್-ಅವರ್. ಮೂರನೇ ಒಂದು ಪಾಲು ನಷ್ಟವಾದರೂ ದಿನ ಸಾಗುತ್ತದೆ. ಮೋಡ ಜಾಸ್ತಿ ಇರುವ ಕಡೆ ಬ್ಯಾಟರಿ, ಪ್ಯಾನೆಲ್ ಎರಡನ್ನೂ ದೊಡ್ಡದು ತನ್ನಿ.

ವೈರಿಂಗ್‌ನಲ್ಲಿ ಕ್ರಮ ಮುಖ್ಯ. ಪ್ಯಾನೆಲ್‌ನಿಂದ ಬ್ಯಾಟರಿಗೆ ಹೋಗುವ ಕರೆಂಟನ್ನು ಹದದಲ್ಲಿಡುವ ಪೆಟ್ಟಿಗೆಯೇ ಚಾರ್ಜ್ ಕಂಟ್ರೋಲರ್. ಅದಕ್ಕೆ ಮೊದಲು ಬ್ಯಾಟರಿ ಜೋಡಿಸಿ, ಆಮೇಲೆ ಪ್ಯಾನೆಲ್. ಬಿಚ್ಚುವಾಗ ಪ್ಯಾನೆಲ್ ಮೊದಲು. ಬ್ಯಾಟರಿಯ ಪಾಸಿಟಿವ್ ಪಕ್ಕದಲ್ಲೇ ಫ್ಯೂಸ್ ಇರಲಿ, ಇದನ್ನು ಖಂಡಿತ ಬಿಡಬೇಡಿ. ಇನ್ವರ್ಟರ್ ಮಾತ್ರ ಬೇಡ. 12 ವೋಲ್ಟನ್ನು 230 ಮಾಡಿ ಮತ್ತೆ 5ಕ್ಕೆ ಇಳಿಸಿದರೆ ಎರಡು ಸಲ ನಷ್ಟ, ಅಲ್ವಾ? ಬ್ಯಾಟರಿಯ 12 ವೋಲ್ಟನ್ನು ನೇರ ಇಳಿಸಿ 5 ವೋಲ್ಟ್, 3 ಆಂಪಿಯರ್ ಕೊಡುವ ಡಿಸಿ ಕನ್ವರ್ಟರ್ ಪೈಗೆ ಸಾಕು. ಅಡಾಪ್ಟರ್ ಮೇಲೆ 12 ವೋಲ್ಟ್ ಅಂತ ಬರೆದಿರುವ ಮಾನಿಟರ್ ಹುಡುಕಿ. ಆದರೆ ಅದನ್ನು ಬ್ಯಾಟರಿಗೆ ನೇರ ಜೋಡಿಸಬೇಡಿ. ಚಾರ್ಜ್ ಆಗುವಾಗ ಬ್ಯಾಟರಿ 14 ವೋಲ್ಟ್ ದಾಟುತ್ತದೆ. ನಡುವೆ ಸದಾ 12 ವೋಲ್ಟ್ ಕೊಡುವ ಕನ್ವರ್ಟರ್ ಹಾಕಿ.

ಸಾಫ್ಟ್‌ವೇರ್ ಸುಲಭ. ಬೇರೆ ಕಂಪ್ಯೂಟರ್‌ನಲ್ಲಿ ರಾಸ್ಪ್‌ಬೆರಿ ಪೈ ಇಮೇಜರ್ ಅನ್ನುವ ಪ್ರೋಗ್ರಾಂ ತೆರೆದು, ಮೆಮೊರಿ ಕಾರ್ಡ್‌ಗೆ ಸಿಸ್ಟಮ್ ಬರೆಯಿರಿ. ಊರಿನ ಭಾಷೆಯ ಕೀಬೋರ್ಡ್ ಅದೇ ದಿನ ಹಾಕಿ. ಆಫ್‌ಲೈನ್ ವಿಕಿಪೀಡಿಯಾಕ್ಕೆ ಕಿವಿಕ್ಸ್, ಪಾಠಗಳಿಗೆ ಕೊಲಿಬ್ರಿ, ಎರಡೂ ಉಚಿತ. ಒಮ್ಮೆ ಇಳಿಸಿಕೊಂಡರೆ ಇಂಟರ್ನೆಟ್ ಇಲ್ಲದೆಯೂ ನಡೆಯುತ್ತವೆ. ವೈಫೈ ರೂಟರ್ ಒಂದಿದ್ದರೆ ಕೋಣೆಯಲ್ಲಿರುವವರ ಫೋನಿನಲ್ಲೂ ಪಾಠ ತೆರೆಯಬಹುದು. ರೂಟರ್‌ನ ವ್ಯಾಟ್ ಕೂಡ ಲೆಕ್ಕಕ್ಕೆ ಸೇರಿಸಿ.

ತಗಡಿನ ಮಾಡಿನ ಕೆಳಗೆ ಸೆಖೆ ಜಾಸ್ತಿ. ಚಿಪ್ 80 ಡಿಗ್ರಿ ದಾಟಿದರೆ ಪೈ 4 ತಾನೇ ನಿಧಾನವಾಗುತ್ತದೆ. ಚಿಪ್‌ನ ಬಿಸಿ ಹೊರಹಾಕುವ ಲೋಹದ ತುಂಡು, ಅಂದರೆ ಹೀಟ್‌ಸಿಂಕ್ ಅಂಟಿಸಿ, ಗಾಳಿಯಾಡುವ ಕಡೆ ಇಡಿ.

ಕೊನೆಗೆ, ಬಳಸುವವರಿಗೆ ಮೊದಲ ದಿನವೇ ಶಟ್‌ಡೌನ್ ಮಾಡುವುದನ್ನು ಕಲಿಸಿ. ಸುಮ್ನೆ ವೈರ್ ಕಿತ್ತರೆ ಕಾರ್ಡ್ ಕೆಡಬಹುದು. ಅದೇ ಕಾರ್ಡಿನ ಇನ್ನೊಂದು ಪ್ರತಿ ಡ್ರಾಯರ್‌ನಲ್ಲಿರಲಿ. ಅದನ್ನು ಬದಲಿಸುವುದು ಊರಿನ ಇಬ್ಬರಿಗಾದರೂ ಗೊತ್ತಿರಲಿ.